ಸುಂಕದವನ ಮುಂದೆ ಸುಖದುಃಖ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ದಾರಿಯಲ್ಲಿ ತಡೆದು ನಿಲ್ಲಿಸುವವನಿಗೆ ನಮ್ಮ ಗಂಟಿನಲ್ಲಿ ಏನಿದೆ ಎಂಬುದಷ್ಟೇ ಬೇಕು. ಗಂಟು ಹೊತ್ತವರ ಮನಸ್ಸಿನಲ್ಲಿ ಏನಿದೆ ಎಂಬುದು ಅವನಿಗೆ ಬೇಡ. ಮಗಳ ಬಾಣಂತನಕ್ಕೆ ಹೊರಟವಳೂ ಒಂದೇ, ಸಾವಿನ ಮನೆಗೆ ಹೊರಟವನೂ ಒಂದೇ. ಈ ಗಾದೆ ಹುಟ್ಟಿದ ಕಾಲದಲ್ಲಿ ವಿಮಾನಗಳಿರಲಿಲ್ಲ. ಆದರೂ ಇಂದು ವಿಮಾನ ನಿಲ್ದಾಣದ ತಪಾಸಣೆಯ ಸಾಲಿನಲ್ಲಿ ನಿಂತು, ಸೊಂಟದ ಪಟ್ಟಿ ಬಿಚ್ಚಿ, ಕೈಗಡಿಯಾರ ಕಳಚಿ, ಎರಡೂ ತೋಳುಗಳನ್ನು ಚಾಚಿದಾಗ ಈ ಮಾತು ತಾನಾಗಿಯೇ ನೆನಪಾಗುತ್ತದೆ. ಆ ತಪಾಸಣೆಯಿಂದ ಪ್ರಯಾಣಿಕನ ವೈಯಕ್ತಿಕ ಸ್ವಾತಂತ್ರ್ಯಕ್ಕೆ ಭಂಗ ಬರುತ್ತದೆಯೇ, ಬಂದರೆ ಅದನ್ನು ನಾವು ಎಷ್ಟರಮಟ್ಟಿಗೆ ಸಹಿಸಬೇಕು ಎಂಬುದು ಈ ಹೊತ್ತಿನ ನನ್ನ ಮಾತಿನ ವಿಷಯ.

ಪ್ರಶ್ನೆ ಆಕಾಶಯಾನದ್ದಾದರೂ ನಾನು ಅದನ್ನು ನೆಲದಿಂದಲೇ, ನಮ್ಮೂರಿನಿಂದಲೇ ಆರಂಭಿಸುತ್ತೇನೆ. ತಳಕಲ್ಲು ಗದಗಿನಿಂದ ಕೊಪ್ಪಳಕ್ಕೆ ಹೋಗುವ ದಾರಿಯಲ್ಲಿ, ರೈಲು ಹಳಿಯನ್ನು ಆತುಕೊಂಡಿರುವ ಎರೆ ಸೀಮೆಯ ಊರು. ಇಂದು ಅದು ಕೊಪ್ಪಳ ಜಿಲ್ಲೆಗೆ ಸೇರಿದೆ. 1948ರ ಸೆಪ್ಟೆಂಬರಿನವರೆಗೆ ಈ ಭಾಗವೆಲ್ಲ ಹೈದರಾಬಾದು ನಿಜಾಮರ ರಾಜ್ಯ. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಹಗೀರು. ಪಶ್ಚಿಮಕ್ಕೆ ಕೆಲವು ಹರದಾರಿ ನಡೆದರೆ ಗದಗ ಸೀಮೆ. ಅದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಎರಡೂ ಕಡೆ ಒಂದೇ ಮಾತು, ಒಂದೇ ರೊಟ್ಟಿ, ಕೊಟ್ಟು ತಂದ ಬೀಗತನ. ಆದರೆ ಆಚೆಗೆ ನಡೆಯುವ ರೂಪಾಯಿ ಕಲ್ದಾರ, ಈಚೆಗೆ ಹಾಲಿ ಸಿಕ್ಕಾ. ನಡುವೆ ಸುಂಕದ ನಾಕಾ. ನಿಜಾಮರ ಸರ್ಕಾರಕ್ಕೆ ತನ್ನದೇ ಆದ ಸುಂಕದ ಇಲಾಖೆಯಿತ್ತು. ಅದನ್ನು ಕರೋಡಗಿರಿ ಎಂದು ಕರೆಯುತ್ತಿದ್ದರು. ಗಡಿ ದಾಟಿ ಬರುವ ಸರಕಿಗೂ ಹೋಗುವ ಸರಕಿಗೂ ಸುಂಕ ಬೀಳುತ್ತಿತ್ತು.

ನನ್ನ ಅಜ್ಜಿಯ ತವರು ಗದಗಿನ ಕಡೆಯದು. ತವರಿನಿಂದ ಗಂಡನ ಮನೆಗೆ ಬರುವಾಗ ಒಮ್ಮೆ ನಾಕಾದಲ್ಲಿ ಅವಳ ಗಂಟನ್ನು ಬಿಚ್ಚಿದರಂತೆ. ಒಳಗಿದ್ದದ್ದು ಒಂದು ಹೊಸ ಸೀರೆ, ಕೂಸಿನ ಕುಲಾಯಿ, ಹಳೆಯ ಅರಿವೆ. ಸುಂಕ ಎಷ್ಟು ಕೊಟ್ಟಳೋ, ಕೊಟ್ಟಳೋ ಇಲ್ಲವೋ, ಅವಳಿಗೆ ನೆನಪಿರಲಿಲ್ಲ. ಗಂಟು ಬಿಚ್ಚಿದವನು ಕೆಡುಕಿನವನೂ ಅಲ್ಲ; ತನ್ನ ಕೆಲಸ ತಾನು ಮಾಡಿದ. ಆದರೂ ನಾಲ್ಕು ದಶಕಗಳ ಮೇಲೆ ಆ ಸಂಗತಿಯನ್ನು ಹೇಳುವಾಗ ಅವಳ ಮಾತು ಬಂದು ನಿಲ್ಲುತ್ತಿದ್ದದ್ದು ಒಂದೇ ಕಡೆ: “ಬಿಚ್ಚು ಅಂತ ಬಾಯಿ ಬಿಟ್ಟು ಅಂದಿದ್ರ ನಾನ ಬಿಚ್ಚಿ ತೋರಸ್ತಿದ್ನಿ.” ಈ ಮಾತಿನ ತೂಕ ನನಗೆ ಆಗ ತಿಳಿಯಲಿಲ್ಲ. ತಿಳಿದದ್ದು ಬಹಳ ತಡವಾಗಿ, ಒಂದು ವಿಮಾನ ನಿಲ್ದಾಣದಲ್ಲಿ.

ನಮ್ಮ ದೊಡ್ಡಪ್ಪನವರು ಎಂಬತ್ತರ ಸಮೀಪದಲ್ಲಿ, ದೂರದ ಊರಿನಲ್ಲಿದ್ದ ಮಗಳನ್ನು ನೋಡಲು ಮೊದಲ ಸಲ ವಿಮಾನ ಹತ್ತಲು ಹೊರಟರು. ಜೊತೆಗೆ ನಾನು. ಲಿಂಗವಂತರಾದ ಅವರ ಎದೆಯ ಮೇಲೆ ಸದಾ ಇಷ್ಟಲಿಂಗ, ಅದಕ್ಕೆ ಬೆಳ್ಳಿಯ ಕರಡಿಗೆ. ಲೋಹವನ್ನು ಪತ್ತೆ ಹಚ್ಚುವ ಬಾಗಿಲು ಬೆಳ್ಳಿಯನ್ನು ಕಂಡು ಕೂಗಿತು. ಕಾವಲಿನ ಯುವಕ ಹಿಂದಿಯಲ್ಲಿ ಏನೋ ಹೇಳಿ, ಕರಡಿಗೆಯನ್ನು ತೆಗೆದು ಟ್ರೇಯಲ್ಲಿ ಇಡುವಂತೆ ಕೈಸನ್ನೆ ಮಾಡಿದ. ಚಪ್ಪಲಿ, ಸೊಂಟದ ಪಟ್ಟಿಗಳು ಹೋಗುವ ಟ್ರೇ ಅದು. ಇಷ್ಟಲಿಂಗವನ್ನು ಅಂಗದಿಂದ ಅಗಲಿಸುವುದು ಅವರ ಪಾಲಿಗೆ ಸಣ್ಣ ಮಾತಲ್ಲ. ದೊಡ್ಡಪ್ಪ ಕರಡಿಗೆಯ ಮೇಲೆ ಅಂಗೈ ಮುಚ್ಚಿಕೊಂಡು ಸುಮ್ಮನೆ ನಿಂತುಬಿಟ್ಟರು. ಹಿಂದೆ ಸಾಲು ಬೆಳೆಯಿತು, ಯಾರೋ ಗೊಣಗಿದರು. ಆ ಯುವಕನದು ತಪ್ಪೆಂದು ನಾನು ಹೇಳಲಾರೆ. ಅವನಿಗೆ ಕಂಡದ್ದು ಒಂದು ಲೋಹದ ಡಬ್ಬಿ, ಡಬ್ಬಿಯೊಳಗೆ ಏನಿದೆಯೋ ಅವನಿಗೆ ತಿಳಿಯದು. ಅಷ್ಟರಲ್ಲಿ ಹಿರಿಯ ಅಧಿಕಾರಿಯೊಬ್ಬರು ಬಂದು, ತುಂಡು ತುಂಡು ಕನ್ನಡದಲ್ಲಿ, “ಅಜ್ಜಾರ, ನೀವೇ ತೆಗೆದು ತೋರಿಸ್ತೀರಾ?” ಎಂದರು. ದೊಡ್ಡಪ್ಪ ತಮ್ಮ ಕೈಯಿಂದಲೇ ಕರಡಿಗೆಯನ್ನು ತೆರೆದು ತೋರಿಸಿದರು. ಅಧಿಕಾರಿ ನೋಡಿದರು, ಹೋಗಿ ಎಂದರು. ಅರ್ಧ ನಿಮಿಷದ ಕೆಲಸ. ತಪಾಸಣೆಯಲ್ಲಿ ಏನೂ ಕಡಿಮೆಯಾಗಲಿಲ್ಲ, ಆದರೂ ಆ ಮನುಷ್ಯನ ಮರ್ಯಾದೆ ಉಳಿಯಿತು. ಅಜ್ಜಿ ಹೇಳುತ್ತಿದ್ದ ಮಾತು ನನಗೆ ಆಗ ಅರ್ಥವಾಯಿತು.

ಇಷ್ಟನ್ನು ಹೇಳಿದ ಮೇಲೆ, ಈ ತಪಾಸಣೆ ಏತಕ್ಕೆ ಬಂತು ಎಂಬುದನ್ನೂ ನೋಡಬೇಕು. ವಿಮಾನ ಯಾನದ ಮೊದಲ ದಶಕಗಳಲ್ಲಿ ಜನ ಬಸ್ಸು ಹತ್ತುವಂತೆ ವಿಮಾನ ಹತ್ತುತ್ತಿದ್ದರು. 1968ರಿಂದ ನಾಲ್ಕೈದು ವರ್ಷ ಅಮೆರಿಕದಲ್ಲಿ ವಿಮಾನಾಪಹರಣ ಒಂದು ಪಿಡುಗಿನಂತೆ ಹಬ್ಬಿತು. 1972ರ ನವೆಂಬರಿನಲ್ಲಿ ವಿಮಾನವೊಂದನ್ನು ಅಪಹರಿಸಿದವರು, ಅದನ್ನು ಓಕ್ ರಿಜ್ಜಿನ ಪರಮಾಣು ಸ್ಥಾವರದ ಮೇಲೆ ಕೆಡವುತ್ತೇವೆಂದು ಬೆದರಿಕೆ ಹಾಕಿದರು. ಆ ನಂತರವೇ, 1973ರ ಜನವರಿ 5ರಿಂದ, ಅಲ್ಲಿ ಪ್ರತಿಯೊಬ್ಬ ಪ್ರಯಾಣಿಕನ ತಪಾಸಣೆ ಕಡ್ಡಾಯವಾಯಿತು. ಅದಕ್ಕೆ ಮುಂಚೆ ಸಂಶಯ ಬಂದವರನ್ನು ಮಾತ್ರ ಹುಡುಕುತ್ತಿದ್ದರು. ಆ ಮೇಲೆ ಸಂಶಯಕ್ಕೆ ಕಾರಣವೇ ಬೇಕಿಲ್ಲವಾಯಿತು. ಇದು ಸಣ್ಣ ಬದಲಾವಣೆಯಲ್ಲ. ಸಾಮಾನ್ಯ ನ್ಯಾಯದ ರೀತಿಯಲ್ಲಿ, ಒಬ್ಬನ ಮೈ ಹುಡುಕಬೇಕಾದರೆ ಅವನ ಮೇಲೆ ಏನಾದರೊಂದು ಅನುಮಾನ ಇರಬೇಕು. ವಿಮಾನದ ಬಾಗಿಲಲ್ಲಿ ಆ ನಿಯಮ ತಲೆಕೆಳಗಾಯಿತು. ನಿರಪರಾಧಿಯೆಂದು ತಿಳಿದವನನ್ನೂ ಹುಡುಕುವುದು ವಾಡಿಕೆಯಾಯಿತು.

ನಮ್ಮ ದೇಶದ ಕಥೆಯೂ ಇದೇ ಬಗೆಯದು. 1971ರ ಜನವರಿ 30ರಂದು ಶ್ರೀನಗರದಿಂದ ಜಮ್ಮುವಿಗೆ ಹೊರಟ ‘ಗಂಗಾ’ ಎಂಬ ವಿಮಾನವನ್ನು ಲಾಹೋರಿಗೆ ಒಯ್ದು, ಕೊನೆಗೆ ಸುಟ್ಟರು. 1976ರ ಸೆಪ್ಟೆಂಬರ್ 10ರಂದು ದಿಲ್ಲಿಯಿಂದ ಹೊರಟ ಇನ್ನೊಂದು ವಿಮಾನವೂ ಲಾಹೋರಿಗೆ ಹೋಗಿ ಇಳಿಯಿತು. ಆ ಬಳಿಕ ನೇಮಕವಾದ ಪಾಂಡೆ ಸಮಿತಿಯ ಸಲಹೆಯಂತೆ 1978ರ ಜನವರಿಯಲ್ಲಿ ನಾಗರಿಕ ವಿಮಾನ ಯಾನದ ಭದ್ರತೆಗೆಂದೇ ಒಂದು ವಿಭಾಗ ಹುಟ್ಟಿತು. 1985ರ ಜೂನ್ 23ರಂದು ಏರ್ ಇಂಡಿಯಾದ ‘ಕನಿಷ್ಕ’ ಅಟ್ಲಾಂಟಿಕ್ ಸಾಗರದ ಮೇಲೆ ಸಿಡಿದು 329 ಜನ ಸತ್ತರು. ಬಾಂಬು ಇದ್ದದ್ದು ಒಂದು ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆಯ ಒಡೆಯ ವಿಮಾನವನ್ನೇ ಹತ್ತಿರಲಿಲ್ಲ. 1987ರ ಏಪ್ರಿಲಿನಲ್ಲಿ ಆ ಭದ್ರತಾ ವಿಭಾಗ ಸ್ವತಂತ್ರ ಇಲಾಖೆಯಾಯಿತು. 1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ದಿಲ್ಲಿಗೆ ಹೊರಟ ವಿಮಾನ ಕಂದಹಾರಕ್ಕೆ ಹೋಗಿ ಎಂಟು ದಿನ ನರಳಿತು. ಒಬ್ಬ ಪ್ರಯಾಣಿಕ ಹತನಾದ. ಮರುವರ್ಷದಿಂದ ನಿಲ್ದಾಣಗಳ ಕಾವಲು ಒಂದೊಂದಾಗಿ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ಕೈಗೆ ಬಂತು. ಇಂದು ನಮ್ಮನ್ನು ತಡವಿ ನೋಡುವ ಕೈಗಳ ಹಿಂದೆ ಇಷ್ಟು ಸಾವುಗಳ ನೆನಪಿದೆ. ಅದನ್ನು ಮರೆತು ಸ್ವಾತಂತ್ರ್ಯದ ಮಾತಾಡುವುದು ಸರಿಯಲ್ಲ.

ಆದರೂ ನಮ್ಮೂರಿನವರೊಬ್ಬರು ಒಮ್ಮೆ ನನ್ನನ್ನು ಕೇಳಿದರು: ತಳಕಲ್ಲಿನಲ್ಲಿ ರೈಲು ಹತ್ತುವಾಗ ಯಾರೂ ಚೀಲ ಬಿಚ್ಚಿಸುವುದಿಲ್ಲ, ರೈಲಿನಲ್ಲಿ ಜನರಿಲ್ಲವೇ, ಅವರ ಜೀವ ಜೀವವಲ್ಲವೇ? ನ್ಯಾಯವಾದ ಪ್ರಶ್ನೆ. 2006ರ ಜುಲೈ 11ರಂದು ಮುಂಬಯಿಯ ಲೋಕಲ್ ರೈಲುಗಳಲ್ಲಿ ಬಾಂಬು ಸಿಡಿದು ನೂರೆಂಬತ್ತಕ್ಕೂ ಹೆಚ್ಚು ಜನ ಸತ್ತರು. ಹಾಗಿದ್ದೂ ರೈಲಿನ ಪ್ರತಿ ಪ್ರಯಾಣಿಕನನ್ನು ಹುಡುಕುವುದಿಲ್ಲ. ಒಂದು ಉತ್ತರವೆಂದರೆ, ರೈಲನ್ನು ನಿಲ್ಲಿಸಬಹುದು, ಇಳಿದು ಓಡಬಹುದು. ಮೂವತ್ತು ಸಾವಿರ ಅಡಿಯ ಮೇಲೆ ಇಳಿಯಲು ನೆಲವಿಲ್ಲ. ಮೇಲಾಗಿ, 2001ರ ಸೆಪ್ಟೆಂಬರ್ 11ರಂದು ಕಂಡಂತೆ, ವಿಮಾನವನ್ನೇ ಆಯುಧವನ್ನಾಗಿ ಮಾಡಬಹುದು. ಇನ್ನೊಂದು ಉತ್ತರ ಅಷ್ಟು ಉದಾತ್ತವಾದುದಲ್ಲ: ರೈಲಿನ ಜನಸಾಗರವನ್ನು ಹುಡುಕುವುದು ಆಗದ ಕೆಲಸ, ವಿಮಾನದ ಜನವನ್ನು ಹುಡುಕುವುದು ಆಗುವ ಕೆಲಸ. ಭದ್ರತೆ ಎಂಬುದು ತರ್ಕದಿಂದ ಮಾತ್ರ ನಡೆಯುವುದಿಲ್ಲ, ಅನುಕೂಲದಿಂದಲೂ ನಡೆಯುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ತಪಾಸಣೆಯ ಯಂತ್ರಗಳ ವಿಷಯವಾಗಿ ಎರಡು ಮಾತು. ನಾವು ದಾಟುವ ಬಾಗಿಲಿನ ಚೌಕಟ್ಟಿನಲ್ಲಿ ತಂತಿಯ ಸುರುಳಿಗಳಿರುತ್ತವೆ. ಅವು ಕ್ಷಣಕ್ಷಣಕ್ಕೂ ಸಣ್ಣದೊಂದು ಕಾಂತಕ್ಷೇತ್ರವನ್ನು ಹುಟ್ಟಿಸುತ್ತವೆ. ಲೋಹ ಹತ್ತಿರ ಬಂದರೆ ಅದರಲ್ಲಿ ವಿದ್ಯುತ್ತು ಸುಳಿದು, ಅದರ ಮರುದನಿಯನ್ನು ಯಂತ್ರ ಗುರುತಿಸುತ್ತದೆ. ಬೆಳ್ಳಿಯ ಕರಡಿಗೆಗೂ ಕಬ್ಬಿಣದ ಚೂರಿಗೂ ಇರುವ ವ್ಯತ್ಯಾಸ ಅದಕ್ಕೆ ತಿಳಿಯದು. ಚೀಲಗಳ ಮೇಲೆ ಕ್ಷ-ಕಿರಣ ಹಾಯುತ್ತದೆ. ಪರದೆಯ ಮೇಲೆ ಆಹಾರ, ಬಟ್ಟೆ, ಕಾಗದದಂತಹ ಹಗುರ ಪದಾರ್ಥಗಳು ಕಿತ್ತಳೆ ಬಣ್ಣದಲ್ಲೂ ಲೋಹಗಳು ನೀಲಿಯಲ್ಲೂ ನಡುವಿನವು ಹಸಿರಿನಲ್ಲೂ ಕಾಣುತ್ತವೆ. ಸ್ಫೋಟಕಗಳಲ್ಲಿ ಬಹಳಷ್ಟು ಕಿತ್ತಳೆ ಗುಂಪಿನವೇ ಆದ್ದರಿಂದ ನಮ್ಮ ಶೇಂಗಾ ಹಿಂಡಿಯೂ ಕರದಂಟೂ ಒಮ್ಮೊಮ್ಮೆ ವಿಚಾರಣೆಗೆ ಗುರಿಯಾಗುತ್ತವೆ. 2009ರ ಕ್ರಿಸ್ಮಸ್ ದಿನ ಒಬ್ಬಾತ ಒಳ ಉಡುಪಿನಲ್ಲಿ ಸ್ಫೋಟಕ ಅಡಗಿಸಿಕೊಂಡು ಅಮೆರಿಕದ ವಿಮಾನ ಏರಿದ್ದ. ಆ ಬಳಿಕ ಮೈಯನ್ನೇ ಚಿತ್ರಿಸುವ ಯಂತ್ರಗಳು ಹೆಚ್ಚಿದವು. ಮೊದಮೊದಲು ಅವು ಮನುಷ್ಯನ ನಗ್ನ ಆಕಾರವನ್ನೇ ಕಾವಲುಗಾರನ ಕಣ್ಣಿಗೆ ಒಡ್ಡಿದವು. ಜನ ಪ್ರತಿಭಟಿಸಿದರು. ಆ ಮೇಲೆ, ನಿಜವಾದ ಆಕೃತಿಯ ಬದಲು ಎಲ್ಲರಿಗೂ ಒಂದೇ ಬಗೆಯ ಗೊಂಬೆಯ ಚಿತ್ರ ತೋರಿಸಿ, ಸಂಶಯದ ಜಾಗವನ್ನಷ್ಟೇ ಗುರುತಿಸುವ ವ್ಯವಸ್ಥೆ ಬಂತು. ಭದ್ರತೆ ಮತ್ತು ಮರ್ಯಾದೆ ಒಂದಕ್ಕೊಂದು ವಿರೋಧಿಗಳೇನಲ್ಲ, ಒತ್ತಾಯಿಸಿದರೆ ಎರಡನ್ನೂ ಉಳಿಸುವ ಉಪಾಯ ಸಿಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಇನ್ನು ಕಾನೂನಿನ ಮಾತು. ನಮ್ಮ ಸಂವಿಧಾನದ 21ನೆಯ ವಿಧಿ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತದೆ. ವಿದೇಶ ಪ್ರಯಾಣವೂ ವೈಯಕ್ತಿಕ ಸ್ವಾತಂತ್ರ್ಯದ ಅಂಗವೆಂದು ಸುಪ್ರೀಂ ಕೋರ್ಟು 1967ರಲ್ಲಿ ಸತ್ವಂತ್ ಸಿಂಗ್ ಮೊಕದ್ದಮೆಯಲ್ಲಿ ತೀರ್ಪಿತ್ತಿತು. 1978ರಲ್ಲಿ, ಪಾಸ್‌ಪೋರ್ಟು ಕಳೆದುಕೊಂಡ ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ, ಸ್ವಾತಂತ್ರ್ಯವನ್ನು ಮೊಟಕುಗೊಳಿಸಲು ಒಂದು ಕಾನೂನು ಇದ್ದರಷ್ಟೇ ಸಾಲದು, ಆ ಕಾನೂನಿನ ಕ್ರಮ ನ್ಯಾಯವೂ ಸಮಂಜಸವೂ ಆಗಿರಬೇಕು ಎಂದಿತು. ಕೊನೆಯದಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ಕನ್ನಡಿಗರು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ ಅವರು ನ್ಯಾಯಾಲಯದ ಮೆಟ್ಟಿಲೇರಿದರು, 2024ರಲ್ಲಿ ತೀರಿಕೊಂಡರು. ಆ ತೀರ್ಪು ಸರ್ಕಾರದ ಪ್ರತಿಯೊಂದು ಹಸ್ತಕ್ಷೇಪಕ್ಕೂ ಹಾಕಿಕೊಟ್ಟ ಅಳತೆಗೋಲು ಸರಳವಾದುದು: ಅದಕ್ಕೆ ಕಾನೂನಿನ ಆಧಾರವಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ಬೇಕಾದಷ್ಟೇ ಇರಬೇಕು, ಹೆಚ್ಚಿರಬಾರದು.

ಹಾಗಾದರೆ ಮೊದಲಿನ ಪ್ರಶ್ನೆಗೆ ಉತ್ತರವೇನು? ತಪಾಸಣೆಯಿಂದ ಸ್ವಾತಂತ್ರ್ಯಕ್ಕೆ ಭಂಗ ಬರುತ್ತದೆಯೇ? ಬರುತ್ತದೆ, ಅದರಲ್ಲಿ ಸಂದೇಹವಿಲ್ಲ. ಪರಕೀಯನ ಕೈ ನನ್ನ ಮೈಮೇಲೆ ಆಡಿದರೆ, ನನ್ನ ಚೀಲದ ಔಷಧಿ, ಪತ್ರ, ಒಳ ಉಡುಪುಗಳು ಅನ್ಯರ ಕಣ್ಣಿಗೆ ಬಿದ್ದರೆ, ಅದು ಭಂಗವೇ. ಭಂಗವಿಲ್ಲ ಎಂದು ವಾದಿಸುವವರು ಸಾಮಾನ್ಯವಾಗಿ ಒಂದು ಮಾತನ್ನು ಹೇಳುತ್ತಾರೆ: ಇಷ್ಟವಿಲ್ಲದವರು ವಿಮಾನ ಹತ್ತದಿರಲಿ, ಹತ್ತಲು ಬಂದವರು ಒಪ್ಪಿಯೇ ಬಂದಿದ್ದಾರೆ. ಅಮೆರಿಕದ ಒಂದು ಮೇಲ್ಮನವಿ ನ್ಯಾಯಾಲಯ 1973ರಲ್ಲಿ ಹೀಗೆಯೇ, ವಿಮಾನ ಹತ್ತದೆ ಹಿಂದಿರುಗುವ ಅವಕಾಶವಿರುವುದರಿಂದ ತಪಾಸಣೆ ನ್ಯಾಯವೆಂದಿತು. 2007ರಲ್ಲಿ ಅದೇ ನ್ಯಾಯಾಲಯ, ತಪಾಸಣೆ ಒಮ್ಮೆ ಆರಂಭವಾದ ಮೇಲೆ ಹಿಂದಿರುಗುವಂತಿಲ್ಲ, ಇಲ್ಲಿ ಒಪ್ಪಿಗೆಯ ಪ್ರಶ್ನೆಯೇ ಏಳುವುದಿಲ್ಲ ಎಂದಿತು. ಎರಡನೆಯ ತೀರ್ಪು ಕಠಿಣವಾದರೂ ಹೆಚ್ಚು ಪ್ರಾಮಾಣಿಕವೆಂದು ನನಗೆ ತೋರುತ್ತದೆ. ದುಡಿಯಲು ಕೊಲ್ಲಿ ದೇಶಗಳಿಗೆ ಹೋಗುವ ನಮ್ಮ ಕಡೆಯ ಹುಡುಗ ಸಮುದ್ರವನ್ನು ನಡೆದು ದಾಟಲಾರ. ಅವನ ಒಪ್ಪಿಗೆ ಹೊಟ್ಟೆಯ ಒಪ್ಪಿಗೆ. ಆದ್ದರಿಂದ ಒಪ್ಪಿಗೆಯ ನೆವ ಬೇಡ. ಭಂಗವಿದೆ ಎಂದು ಒಪ್ಪಿಕೊಂಡು, ಅದು ಯಾವ ಕಟ್ಟುಪಾಡಿನೊಳಗೆ ಇರಬೇಕು ಎಂದು ಕೇಳುವುದೇ ಸರಿಯಾದ ದಾರಿ.

ಮೊದಲನೆಯ ಕಟ್ಟುಪಾಡು ಉದ್ದೇಶದ್ದು. ವಿಮಾನಕ್ಕೂ ಅದರಲ್ಲಿರುವವರಿಗೂ ಅಪಾಯವಾಗದಂತೆ ನೋಡುವುದು ಈ ತಪಾಸಣೆಯ ಕೆಲಸ. ಆದರೆ ಬಾಗಿಲಲ್ಲಿ ಒಮ್ಮೆ ಕಾವಲು ನಿಂತಮೇಲೆ ಅವನಿಗೆ ಬೇರೆ ಬೇರೆ ಕೆಲಸಗಳನ್ನು ಒಪ್ಪಿಸುವ ಆಸೆ ಎಲ್ಲ ಸರ್ಕಾರಗಳಿಗೂ ಇರುತ್ತದೆ. ಚೀಲದಲ್ಲಿ ದೊಡ್ಡ ಮೊತ್ತದ ನಗದು ಕಂಡರೆ ಆದಾಯ ತೆರಿಗೆಯವರಿಗೆ ಸುದ್ದಿ ಹೋಗುತ್ತದೆ. ಕಳ್ಳಹಣಕ್ಕೆ ನಾನು ವಕೀಲನಲ್ಲ. ಆದರೆ ನೋಟಿನ ಕಟ್ಟಿನಿಂದ ವಿಮಾನ ಉರುಳುವುದಿಲ್ಲ. ಜೀವ ಉಳಿಸಲೆಂದು ನಾವು ಕೊಟ್ಟ ರಿಯಾಯಿತಿಯನ್ನು ತೆರಿಗೆಗೆಂದು ಬಳಸಿದಾಗ, ಹಳೆಯ ನಾಕಾ ಹೊಸ ವೇಷದಲ್ಲಿ ಬಂದಿತೆಂದೇ ಹೇಳಬೇಕು.

ಎರಡನೆಯದು ಸಮಾನತೆಯದು. ಈ ತಪಾಸಣೆಯ ಒಂದು ಗುಣವನ್ನು ನಾನು ಮೆಚ್ಚಿಕೊಂಡಿದ್ದೇನೆ. ಮುಟ್ಟದೆ ಅವಮಾನಿಸಿದ ಚರಿತ್ರೆ ನಮ್ಮ ಹಳ್ಳಿಗಳದು. ಇಲ್ಲಿ ಸಾಹುಕಾರನನ್ನೂ ಕೂಲಿಯವನನ್ನೂ ಒಂದೇ ಕೈ ಮುಟ್ಟುತ್ತದೆ. ಎಲ್ಲರಿಗೂ ಬಂದದ್ದು ಯಾರೊಬ್ಬರಿಗೂ ಅವಮಾನವಲ್ಲ. ಆದರೆ ಎಲ್ಲರಿಗೂ ಎಂಬುದು ಪೂರ್ತಿ ನಿಜವೂ ಅಲ್ಲ. ರಾಷ್ಟ್ರಪತಿ, ಪ್ರಧಾನಿ, ರಾಜ್ಯಪಾಲರು, ಮುಖ್ಯಮಂತ್ರಿಗಳು ಮೊದಲಾಗಿ ವಿನಾಯಿತಿ ಪಡೆದವರ ಪಟ್ಟಿಯೊಂದು ನಮ್ಮಲ್ಲಿದೆ. 2009ರ ಏಪ್ರಿಲಿನಲ್ಲಿ ದಿಲ್ಲಿಯಲ್ಲಿ ಅಮೆರಿಕದ ವಿಮಾನ ಸಂಸ್ಥೆಯೊಂದರ ಸಿಬ್ಬಂದಿ, ಆ ಪಟ್ಟಿಯಲ್ಲಿದ್ದ ಮಾಜಿ ರಾಷ್ಟ್ರಪತಿ ಅಬ್ದುಲ್ ಕಲಾಮರನ್ನು ತಪಾಸಣೆ ಮಾಡಿದರು. ದೇಶ ಕೆರಳಿತು, ಸಂಸತ್ತಿನಲ್ಲಿ ಗದ್ದಲವಾಯಿತು, ಸಂಸ್ಥೆ ಕ್ಷಮೆ ಕೇಳಿತು. ಕಲಾಮರು ಮಾತ್ರ ಅದನ್ನು ದೊಡ್ಡದು ಮಾಡಲಿಲ್ಲ. ಅದಕ್ಕೂ ಮೊದಲು, ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರು ದೇಶದ ರಕ್ಷಣಾ ಮಂತ್ರಿಯಾಗಿದ್ದಾಗಲೇ, 2002 ಮತ್ತು 2003ರಲ್ಲಿ, ವಾಷಿಂಗ್ಟನ್ನಿನ ಡಲೆಸ್ ನಿಲ್ದಾಣದಲ್ಲಿ ಎರಡು ಬಾರಿ ಬಟ್ಟೆ ಕಳಚಿಸಿ ಹುಡುಕಲ್ಪಟ್ಟರೆಂದು ಅಮೆರಿಕದ ಮಾಜಿ ಉಪ ವಿದೇಶಾಂಗ ಕಾರ್ಯದರ್ಶಿ ಸ್ಟ್ರೋಬ್ ಟಾಲ್ಬಟ್ ತಮ್ಮ 2004ರ ಪುಸ್ತಕದಲ್ಲಿ ಬರೆದರು. ದೊಡ್ಡವರಿಗೆ ಆದಾಗ ದೇಶಕ್ಕೆ ಅಪಮಾನವೆನಿಸುವ ಸಂಗತಿ, ಹೆಸರಿಲ್ಲದ ಪ್ರಯಾಣಿಕನಿಗೆ ಆದಾಗ ದಿನಚರಿಯೆನಿಸುತ್ತದೆ. ನಮ್ಮ ಸಿಟ್ಟಿನಲ್ಲಿಯೂ ಸಮಾನತೆ ಇಲ್ಲ.

ಮೂರನೆಯದು, ಮನುಷ್ಯರು ಒಂದೇ ಅಚ್ಚಿನವರಲ್ಲ ಎಂಬ ತಿಳಿವು. ಅಪಘಾತದಲ್ಲಿ ಕಾಲು ಕಳೆದುಕೊಂಡು, ಕೃತಕ ಕಾಲಿನ ಮೇಲೆ ಮತ್ತೆ ನೃತ್ಯ ಮಾಡಿ ಹೆಸರಾದ ಸುಧಾ ಚಂದ್ರನ್ ಅವರು 2021ರ ಅಕ್ಟೋಬರಿನಲ್ಲಿ, ಪ್ರತಿ ಸಲದ ತಪಾಸಣೆಯಲ್ಲೂ ಆ ಕಾಲನ್ನು ಕಳಚಬೇಕಾದ ನೋವನ್ನು ಪ್ರಧಾನಿಯವರನ್ನು ಉದ್ದೇಶಿಸಿ ಬಹಿರಂಗವಾಗಿ ಹೇಳಿಕೊಂಡರು. ಭದ್ರತಾ ಪಡೆ ಕ್ಷಮೆ ಕೇಳಿತು. ಯಂತ್ರಕ್ಕೆ ಅದು ಲೋಹ, ಅವರಿಗೆ ಅದು ಕಾಲು. 2020ರ ಆಗಸ್ಟಿನಲ್ಲಿ ಚೆನ್ನೈ ನಿಲ್ದಾಣದಲ್ಲಿ, ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಮಾತನಾಡಿ ಎಂದು ಕೇಳಿದ್ದಕ್ಕೆ, ನೀವು ಭಾರತೀಯರೇ ಎಂಬ ಪ್ರಶ್ನೆ ತಮಗೆ ಎದುರಾಯಿತೆಂದು ಲೋಕಸಭಾ ಸದಸ್ಯೆ ಕನಿಮೊಳಿಯವರು ತಿಳಿಸಿದರು. 2023ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಯುವ ಸಂಗೀತಗಾರ್ತಿಯೊಬ್ಬರು, ತಪಾಸಣೆಯ ವೇಳೆ ಮೇಲಂಗಿ ಕಳಚುವಂತೆ ತಮಗೆ ಹೇಳಲಾಯಿತೆಂದು ದೂರಿದರು. ಭದ್ರತಾ ಪಡೆಯ ವಿವರಣೆ ಬೇರೆಯಾಗಿತ್ತು. ಹೆಂಗಸರನ್ನು ಹೆಂಗಸರೇ, ಪರದೆಯ ಮರೆಯಲ್ಲಿ ತಪಾಸಣೆ ಮಾಡಬೇಕೆಂಬ ನಿಯಮ ನಮ್ಮಲ್ಲಿದೆ, ಅದು ಒಳ್ಳೆಯದು. ಆದರೆ ಪರದೆಯ ಒಳಗೆ ನಡೆದದ್ದೇನು ಎಂಬ ವಿವಾದ ಎದ್ದಾಗ ಪ್ರಯಾಣಿಕರ ಮಾತನ್ನು ಕೇಳುವವರು ಯಾರು? ಗಾದೆ ಮತ್ತೆ ನೆನಪಾಗುವುದು ಇಲ್ಲಿಯೇ. ಅರ್ಥವಾಗದ ಭಾಷೆಯಲ್ಲಿ ಕೊಟ್ಟ ಆಜ್ಞೆ ಕೈಹಾಕಿ ಎಳೆದಂತೆಯೇ. ದೊಡ್ಡಪ್ಪನವರು ತಡೆದು ನಿಂತದ್ದು ಹಟದಿಂದಲ್ಲ; ಅವರಿಗೆ ಆ ಮಾತು ತಿಳಿಯಲಿಲ್ಲ, ಅವರ ಮೌನ ಆ ಯುವಕನಿಗೆ ತಿಳಿಯಲಿಲ್ಲ.

ನಾಲ್ಕನೆಯ ಕಟ್ಟುಪಾಡು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು: ತಪಾಸಣೆ ಮುಗಿಯಬೇಕು. ಮುಗಿಯುವುದು ಎಂದರೆ ಎರಡು ಅರ್ಥ. ಮೊದಲ ಅರ್ಥದಲ್ಲಿ, ಪ್ರಯೋಜನ ಕಳೆದುಕೊಂಡ ನಿಯಮ ಹೋಗಬೇಕು. 2001ರ ಡಿಸೆಂಬರಿನಲ್ಲಿ ಒಬ್ಬ ಬೂಟಿನಲ್ಲಿ ಸ್ಫೋಟಕ ಇಟ್ಟುಕೊಂಡು ವಿಮಾನ ಹತ್ತಿದ್ದರಿಂದ ಮುಂದೆ ಅಮೆರಿಕದಲ್ಲಿ ಕೋಟಿಗಟ್ಟಲೆ ಜನ ಬೂಟು ಕಳಚಿದರು; ಆ ನಿಯಮ ಹೋದದ್ದು 2025ರ ಜುಲೈಯಲ್ಲಿ. 2006ರ ಆಗಸ್ಟಿನಲ್ಲಿ ಲಂಡನ್ನಿನ ಸಂಚೊಂದು ಬಯಲಾದುದರಿಂದ ಬಂದ, ನೂರು ಮಿಲಿಲೀಟರಿಗೆ ಮೀರಿದ ದ್ರವ ಬೇಡವೆಂಬ ನಿಯಮ ಬಹುಕಡೆ ಇನ್ನೂ ಇದೆ. ಪ್ರತಿ ನಿಯಮವೂ ಹಿಂದಿನ ದುರುಳನ ನೆರಳು. ಇಷ್ಟಾದರೂ, 2015ರಲ್ಲಿ ಅಮೆರಿಕದ ಸರ್ಕಾರವೇ ತನ್ನ ಕಾವಲನ್ನು ಗುಟ್ಟಾಗಿ ಪರೀಕ್ಷಿಸಿದಾಗ 70 ಪ್ರಯತ್ನಗಳಲ್ಲಿ 67 ಸಲ ನಕಲಿ ಆಯುಧಗಳು ಸಿಕ್ಕಿಬೀಳದೆ ಒಳಹೋದವೆಂಬ ಸುದ್ದಿ ಹೊರಬಿತ್ತು. ಹಾಗೆಂದು ತಪಾಸಣೆಯೇ ವ್ಯರ್ಥವೆನ್ನಲಾಗದು. ಸಿಕ್ಕಿಬೀಳುವ ಭಯವೂ ಒಂದು ತಡೆ. ಆದರೆ ಕಷ್ಟ ಹೆಚ್ಚಾದಷ್ಟೂ ಸುರಕ್ಷತೆ ಹೆಚ್ಚಿತೆಂಬ ನಂಬಿಕೆ ಸುಳ್ಳು. ನಮ್ಮಲ್ಲಿ ಕೈಚೀಲದ ಚೀಟಿಗೆ ಮುದ್ರೆ ಒತ್ತುವ ಪದ್ಧತಿ ವರ್ಷಾನುವರ್ಷ ನಡೆಯಿತು. 2017ರ ಏಪ್ರಿಲಿನಿಂದ ಬೆಂಗಳೂರೂ ಸೇರಿದಂತೆ ಏಳು ನಿಲ್ದಾಣಗಳಲ್ಲಿ ಅದನ್ನು ನಿಲ್ಲಿಸಿದರು. ಆಕಾಶವೇನೂ ಕುಸಿದು ಬೀಳಲಿಲ್ಲ.

ಎರಡನೆಯ ಅರ್ಥ ಇನ್ನೂ ಆಳವಾದುದು. ನಾವು ಇದುವರೆಗೆ ಈ ತಪಾಸಣೆಯನ್ನು ಸಹಿಸಿಕೊಂಡು ಬಂದದ್ದೇಕೆ? ಅದು ಮುಗಿಯುತ್ತದೆ ಎಂಬ ಕಾರಣಕ್ಕೆ. ಐದು ನಿಮಿಷ ಕಷ್ಟ. ಆ ಮೇಲೆ ನಮ್ಮ ಚೀಲ ನಮಗೆ, ನಮ್ಮ ಮೈ ನಮಗೆ. ನಮ್ಮನ್ನು ತಡವಿದ ಕೈ ಮರುಗಳಿಗೆಯಲ್ಲಿ ನಮ್ಮನ್ನು ಮರೆಯುತ್ತದೆ. ಆ ಮರೆವೇ ನಮ್ಮ ಸ್ವಾತಂತ್ರ್ಯ. ಅಜ್ಜಿಯ ಗಂಟು ಬಿಚ್ಚಿದ ನಾಕಾದವನಿಗೆ ಅವಳ ಮುಖ ಸಂಜೆಯ ಹೊತ್ತಿಗೆ ನೆನಪಿರಲಿಲ್ಲ. ಯಂತ್ರಕ್ಕೆ ಮಾತ್ರ ಮರೆವು ಸಹಜವಲ್ಲ. ಅದಕ್ಕೆ ಮರೆಯೆಂದು ಹೇಳಿಕೊಡಬೇಕು. 2022ರ ಡಿಸೆಂಬರ್ 1ರಂದು ದಿಲ್ಲಿ, ಬೆಂಗಳೂರು, ವಾರಾಣಸಿ ನಿಲ್ದಾಣಗಳಲ್ಲಿ ಡಿಜಿಯಾತ್ರಾ ಎಂಬ ವ್ಯವಸ್ಥೆ ಆರಂಭವಾಯಿತು. ಪ್ರಯಾಣಿಕನ ಮುಖವೇ ಅವನ ಗುರುತಿನ ಚೀಟಿ. ಕ್ಯಾಮೆರಾ ನೋಡಿದರೆ ಬಾಗಿಲು ತೆರೆಯುತ್ತದೆ. ಇದು ಮೈ ತಡವುವ ತಪಾಸಣೆಗೆ ಬದಲಿಯಲ್ಲ, ಗುರುತು ನೋಡುವ ಕೆಲಸಕ್ಕೆ ಬದಲಿ. ಸೇರುವುದು ಬಿಡುವುದು ಪ್ರಯಾಣಿಕನ ಇಚ್ಛೆಯೆಂದೂ, ನಿಲ್ದಾಣದಲ್ಲಿನ ಮಾಹಿತಿಯನ್ನು ಇಪ್ಪತ್ತನಾಲ್ಕು ಗಂಟೆಗಳಲ್ಲಿ ಅಳಿಸಲಾಗುತ್ತದೆಂದೂ ನಡೆಸುವವರು ಹೇಳುತ್ತಾರೆ. ಸಾಲು ಸಣ್ಣದಾಗುತ್ತದೆ, ಯಾರೂ ಮುಟ್ಟುವುದಿಲ್ಲ, ಗದರುವುದಿಲ್ಲ. ಸೌಜನ್ಯದ ದೃಷ್ಟಿಯಿಂದ ಇದಕ್ಕಿಂತ ಮೇಲಾದುದಿಲ್ಲ.

ನನ್ನ ಅಳುಕು ಇರುವುದೂ ಅಲ್ಲಿಯೇ. ಕೈ ಮುಟ್ಟಿದರೆ ಗೊತ್ತಾಗುತ್ತದೆ, ಮುಜುಗರವಾಗುತ್ತದೆ. ಆ ಮುಜುಗರವೇ ನಮ್ಮಿಂದ ಪ್ರಶ್ನೆ ಕೇಳಿಸುತ್ತದೆ. ಕ್ಯಾಮೆರಾ ಮುಟ್ಟಿದ್ದು ಗೊತ್ತಾಗುವುದಿಲ್ಲ. ಚೀಲವನ್ನು ಬದಲಾಯಿಸಬಹುದು, ಗುರುತಿನ ಚೀಟಿಯನ್ನು ಬದಲಾಯಿಸಬಹುದು, ಮುಖವನ್ನು ಬದಲಾಯಿಸಲಾಗದು. ಇಂದು ಇಚ್ಛೆಯ ವಿಷಯವಾಗಿರುವುದು ನಾಳೆ ಸಾಲಿನ ಉದ್ದದ ಒತ್ತಾಯದಿಂದ ಅನಿವಾರ್ಯವಾಗಬಹುದು. ಆದ್ದರಿಂದ ಅಳಿಸುತ್ತೇವೆ ಎಂಬುದು ನಡೆಸುವವರ ಭರವಸೆಯಾಗಿ ಉಳಿಯದೆ, ಹೊರಗಿನವರೂ ಪರೀಕ್ಷಿಸಿ ನೋಡಬಹುದಾದ ಕಟ್ಟಳೆಯಾಗಬೇಕು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆಂದು 2023ರಲ್ಲಿ ನಮ್ಮ ಸಂಸತ್ತು ಒಂದು ಕಾನೂನು ಮಾಡಿದೆ. ಅದು ಸರ್ಕಾರಕ್ಕೆ ತನ್ನದೇ ಸಂಸ್ಥೆಗಳನ್ನು ಅದರಿಂದ ಹೊರಗಿಡುವ ಅಧಿಕಾರವನ್ನೂ ಕೊಟ್ಟಿದೆ. ಸುಂಕದವನನ್ನೇ ಸುಂಕದಿಂದ ಬಿಟ್ಟಂತೆ.

ಒಟ್ಟಿನ ಮಾತು ಇಷ್ಟು. ವಿಮಾನ ನಿಲ್ದಾಣದ ತಪಾಸಣೆ ನಮ್ಮ ಸ್ವಾತಂತ್ರ್ಯವನ್ನು ಒಂದಿಷ್ಟು ಮುಕ್ಕಾಗಿಸುತ್ತದೆ. ಜೊತೆಯ ಪ್ರಯಾಣಿಕರ ಜೀವದ ಸಲುವಾಗಿ ಆ ಮುಕ್ಕನ್ನು ನಾವು ತಾಳಿಕೊಳ್ಳಬಹುದು, ತಾಳಿಕೊಳ್ಳಬೇಕು. ಆದರೆ ಅದಕ್ಕೆ ಪ್ರತಿಯಾಗಿ ಕೇಳಲು ನಮಗೆ ಹಕ್ಕಿದೆ: ಹುಡುಕುವುದು ಆಯುಧಕ್ಕಾಗಿ ಮಾತ್ರ ಇರಲಿ, ಎಲ್ಲರಿಗೂ ಒಂದೇ ಇರಲಿ, ನಮಗೆ ತಿಳಿಯುವ ಮಾತಿನಲ್ಲಿ ಕೇಳಿ ನಡೆಯಲಿ, ಮುಗಿದ ಮೇಲೆ ಮುಗಿದುಹೋಗಲಿ. ತಪ್ಪಾದಾಗ ಹೇಳಿಕೊಳ್ಳಲು ಒಂದು ಕಿವಿ ಇರಲಿ.

ದೊಡ್ಡಪ್ಪನವರು ಊರಿಗೆ ಮರಳಿದ ಮೇಲೆ ಬಂದವರಿಗೆಲ್ಲ ವಿಮಾನದ ಕಥೆ ಹೇಳಿದರು. ಮೋಡದ ಮೇಲೆ ಹಾರಿದ್ದು, ತುಂಗಭದ್ರೆ ದಾರದಂತೆ ಕಂಡದ್ದು, ಎಲ್ಲವೂ ಅದರಲ್ಲಿ ಇತ್ತು. ಆದರೆ ಕಥೆ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಆ ಅಧಿಕಾರಿಯ ಮೇಲೆ: “ಕೇಳಿದ. ತೋರಿಸಿದೆ. ಮುಗೀತು.” ಅವರಿಗೆ ಒಳ್ಳೆಯ ಅಧಿಕಾರಿ ಸಿಕ್ಕದ್ದು ಅದೃಷ್ಟ. ಅದೃಷ್ಟದಿಂದ ಸಿಕ್ಕಿದ ಮರ್ಯಾದೆ ಕಾನೂನಿನಿಂದ ಸಿಗುವಂತಾಗಲಿ ಎಂಬುದು ನನ್ನ ಅಪೇಕ್ಷೆ. ಆಗ ಸುಂಕದವನ ಗಾದೆಯನ್ನು ನಮ್ಮ ಮಕ್ಕಳು ಹಳೆಯ ಕಾಲದ ಮಾತೆಂದು ಕೇಳಿಯಾರು.